ಕೀಲಿಮಣೆ ಇರುವ ಫೋನ್ ಬೇಕಾ? ಮೊದಲು ನಿಮ್ಮ ಬೆರಳನ್ನು ಕೇಳಿ

ಪರದೆಯ ಕೆಳಗೆ ನಿಜವಾದ ಕೀಲಿಮಣೆ ಇರುವ ನನ್ನ ಹೊಸ ಫೋನ್ ಅಂಗಡಿಯ ಮೇಜಿನ ಮೇಲೆ ಬಿದ್ದಿತ್ತು. ಮಗಳ ಮದುವೆಯ ಹೇಳಿಕೆ ಕಾಗದದ ಪ್ರೂಫ್ ನೋಡಲು ಬಂದ ಮಾಸ್ಟ್ರು ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿದರು. "ಇದೆಂತ ಮಾರಾಯ, ಕ್ಯಾಲ್ಕುಲೇಟರಾ?" ಅಂದರು. ಎರಡು ನಿಮಿಷ ಕೀ ಒತ್ತಿ ನೋಡಿದ ಮೇಲೆ ರಾಗ ಬದಲಾಯಿತು. "ನನಗೂ ಒಂದು ತರಿಸಿ ಕೊಡು." ಮಾರನೇ ದಿನ ತಂಗಿಯ ಮಗಳು ಕೇಳಿದಳು. ವಾರ ಕಳೆಯುವುದರೊಳಗೆ ಮಾವನೂ ಕೇಳಿದರು.

ಮೂವರಿಗೂ ನಾನು ಬೇಡ ಅಂದೆ. ಕೀ ಇರುವ ಫೋನಿನ ಹುಚ್ಚು ಹದಿನೈದು ವರ್ಷಕ್ಕಿಂತ ಜಾಸ್ತಿ ಹಿಡಿದವನು ನಾನು. ನಾನೇ ಬೇಡ ಅಂದರೆ ಯಾರಿಗಾದರೂ ಆಶ್ಚರ್ಯ ಆಗಬೇಕಾದ್ದೇ. ಯಾಕೆ ಬೇಡ ಅಂದೆ, ಯಾರಿಗಾದರೆ ಬೇಕು ಅನ್ನುತ್ತಿದ್ದೆ ಎನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ನನ್ನ ಹಿನ್ನೆಲೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ, ಬ್ರಹ್ಮಕಲಶ, ನೇಮ, ಯಕ್ಷಗಾನ, ಯಾವುದೇ ಕಾಗದ ಇರಲಿ, ದಿನವಿಡೀ ಕನ್ನಡ ಕುಟ್ಟುವ ಕೆಲಸ. ಮೊದಲ ಕೀಲಿ ಫೋನ್ ನೋಕಿಯಾ ಇ63. ಅದರ ಸ್ಪೇಸ್ ಕೀಯನ್ನು ಒತ್ತಿ ಹಿಡಿದರೆ ಟಾರ್ಚ್ ಹೊತ್ತಿಕೊಳ್ಳುತ್ತಿತ್ತು. ರಾತ್ರಿ ತೋಟದ ದಾರಿಯಲ್ಲಿ ಎಷ್ಟು ಸಲ ಉಪಕಾರಕ್ಕೆ ಬಂದಿದೆಯೋ. ಆಮೇಲೆ ಬ್ಲ್ಯಾಕ್‌ಬೆರಿ ಕರ್ವ್ 8520, ಅದಾದ ಮೇಲೆ ಬ್ಲ್ಯಾಕ್‌ಬೆರಿ ಕೀ2. ಈಗ ಭಾವ ಶಾರ್ಜಾದಿಂದ ಬರುವಾಗ ತಂದುಕೊಟ್ಟ ಯೂನಿಹರ್ಟ್ಜ್ ಟೈಟನ್ 2. ನಮ್ಮ ಕಡೆ ಹೊಸ ಫೋನ್ ಬರುವುದು ಅರ್ಧಕ್ಕರ್ಧ ಹೀಗೇ ಅಲ್ವಾ, ಯಾರದೋ ಬ್ಯಾಗಿನಲ್ಲಿ, ಖರ್ಜೂರದ ಪೊಟ್ಟಣದ ಪಕ್ಕ.

ಏನನ್ನು ನೋಡಿ ಆರಿಸುವುದು?

ಫೋನ್ ಕೊಳ್ಳುವಾಗ ಎಲ್ಲರೂ ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಎಂದು ಕೇಳುತ್ತಾರೆ. ಮೆಸೇಜ್ ಬರೆಯುವುದಕ್ಕೇ ಒಂದು ಫೋನ್ ಬೇಕು ಅನ್ನುವವರು ಬೇರೆ ಪ್ರಶ್ನೆಗಳನ್ನು ಕೇಳಬೇಕು. ನಾನು ಕೇಳುವುದು ಐದು. ಬೆರಳಿಗೆ ಗೊತ್ತಿರುವ ಕನ್ನಡ ಆ ಕೀಗಳಲ್ಲಿ ಬರುತ್ತದಾ? ವಾಟ್ಸಾಪ್, ಯುಪಿಐ, ಬ್ಯಾಂಕ್ ಆ್ಯಪ್ ಅದರಲ್ಲಿ ಇನ್ನೆಷ್ಟು ವರ್ಷ ನಡೆದೀತು? ಇಲ್ಲಿಯ ಟವರಿಗೆ ಅದು ಹೊಂದುತ್ತದಾ? ನಮ್ಮ ಮಳೆಗೆ, ಧೂಳಿಗೆ, ಜೇಬಿಗೆ ಆಗುತ್ತದಾ? ಕೆಟ್ಟರೆ ಕಾಸರಗೋಡಿನಲ್ಲಿ ಯಾರಾದರೂ ಬಿಚ್ಚುತ್ತಾರಾ?

ಹಣದ ಪ್ರಶ್ನೆ ಇವುಗಳ ನಂತರ. ಯಾಕೆಂದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆಗಳು ತಾವಾಗಿ ಬಿದ್ದುಹೋಗುತ್ತವೆ. ಅದಕ್ಕೇ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಿಮ್ಮ ಬೆರಳಿಗೆ ಯಾವ ಕನ್ನಡ ಗೊತ್ತು?

ಕನ್ನಡ ಟೈಪ್ ಮಾಡುವವರಲ್ಲಿ ಮೂರು ಜಾತಿ. ಒಂದು, ನನ್ನಂಥವರು. ನುಡಿ ತಂತ್ರಾಂಶದಲ್ಲಿ ಕಲಿತವರು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ನಮ್ಮದು. ಅದಕ್ಕೆ ಕಗಪ ಲೇಔಟ್ ಅನ್ನುತ್ತಾರೆ. ಎರಡು, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಕಲಿತವರು. ಮೂರು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, ಕೆಳಗೆ ಕನ್ನಡ ಮೂಡಿದಾಗ ಮುಟ್ಟಿ ಆರಿಸುವವರು. ಈಗಿನ ಮಕ್ಕಳೆಲ್ಲ ಹೆಚ್ಚಾಗಿ ಈ ಮೂರನೇ ಗುಂಪು.

ಕಗಪದಲ್ಲಿ ಇಡೀ ಕನ್ನಡ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಕೀ ಮತ್ತು ಒಂದು ಶಿಫ್ಟ್ ಕೀಯೊಳಗೆ ಮುಗಿಯುತ್ತದೆ. ‘ಟ’ ಇರುವುದು ಕ್ಯೂ ಕೀಯಲ್ಲಿ, ‘ಡ’ ಡಬ್ಲ್ಯೂನಲ್ಲಿ, ‘ಷ’ ಎಕ್ಸ್‌ನಲ್ಲಿ. ಒತ್ತಕ್ಷರಕ್ಕೆ ನಡುವೆ ಎಫ್ ಹೊಡೆದರಾಯಿತು. ‘ಬದಿಯಡ್ಕ’ ಅಂದರೆ ಏಳು ಸಲ ಕೀ ಒತ್ತಬೇಕು, ಶಿಫ್ಟ್ ಮುಟ್ಟಬೇಕಾಗಿಯೇ ಇಲ್ಲ. ‘ಕಾಸರಗೋಡು’ ಎಂಟು ಒತ್ತು, ಅದರಲ್ಲಿ ಎರಡಕ್ಕೆ ಶಿಫ್ಟ್. ‘ಕುಂಬಳೆ’ ಆರು ಒತ್ತು, ಇದಕ್ಕೂ ಶಿಫ್ಟ್ ಎರಡು ಸಲ. ಫೋನಿನ ಪುಟ್ಟ ಕೀಲಿಮಣೆಯಲ್ಲಿ ಇಪ್ಪತ್ತಾರು ಅಕ್ಷರ, ಶಿಫ್ಟ್ ಎರಡೂ ಇರುತ್ತವೆ. ಹಾಗಾಗಿ ಕಗಪದವರಿಗೆ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿ.

ಇನ್‌ಸ್ಕ್ರಿಪ್ಟ್ ಹಾಗಲ್ಲ. ಅದರಲ್ಲಿ ‘ಡ’ ಇರುವುದು ಚೌಕ ಆವರಣದ ಕೀಯಲ್ಲಿ, ‘ಚ’ ಅರ್ಧವಿರಾಮದ ಕೀಯಲ್ಲಿ, ‘ಟ’ ಅದರ ಪಕ್ಕದ ಉದ್ಧರಣ ಚಿಹ್ನೆಯ ಕೀಯಲ್ಲಿ. ಕಂಪ್ಯೂಟರಿನ ದೊಡ್ಡ ಕೀಬೋರ್ಡಿನಲ್ಲಿ ಇವೆಲ್ಲ ಬಲಗೈಯ ಕಿರುಬೆರಳಿಗೆ ಸಿಗುತ್ತವೆ. ಫೋನಿನ ಕೀಲಿಮಣೆಯಲ್ಲಿ ಆ ಕೀಗಳಿಗೆ ಜಾಗವೇ ಇಲ್ಲ. ‘ಚಟ್ನಿ’ ಬರೆಯಲಾಗದ ಫೋನಿನಲ್ಲಿ ಎಂತ ಮೆಸೇಜ್ ಬರೆಯುತ್ತೀರಿ?

ಆದರೆ ನಮ್ಮ ಜಿಲ್ಲೆಯಲ್ಲಿ ಇನ್‌ಸ್ಕ್ರಿಪ್ಟಿಗೆ ಒಂದು ದೊಡ್ಡ ಲಾಭ ಉಂಟು. ಅದು ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ವಿನ್ಯಾಸ. ಕನ್ನಡದ ‘ಕ’ ಎಲ್ಲಿದೆಯೋ ಮಲಯಾಳದ ‘ಕ’ವೂ ಅಲ್ಲೇ. ಕೇರಳದ ಶಾಲೆಗಳಲ್ಲಿ ಮಲಯಾಳಂ ಟೈಪಿಂಗ್ ಕಲಿಸುವುದು ಇದರಲ್ಲೇ. ಮನೆಯ ಗುಂಪಿಗೆ ಕನ್ನಡ, ಪಂಚಾಯತಿಗೆ, ಇಲಾಖೆಗೆ ಮಲಯಾಳಂ ಎಂದು ಎರಡು ದೋಣಿಯಲ್ಲಿ ಕಾಲಿಟ್ಟವರು ನಾವು. ಒಂದೇ ಬೆರಳಿನ ಅಭ್ಯಾಸದಲ್ಲಿ ಎರಡೂ ಬರುವುದು ಸಣ್ಣ ಸಂಗತಿಯಲ್ಲ. ಮಾಸ್ಟ್ರಿಗೆ ಬೇಡ ಅಂದದ್ದು ಇದಕ್ಕೇ. ಅವರು ಇನ್‌ಸ್ಕ್ರಿಪ್ಟಿನವರು.

ಮೂರನೇ ಗುಂಪಿನವರ ಕಷ್ಟ ಬೇರೆ. ಅವರ ಕನ್ನಡ ಇರುವುದು ಪರದೆಯ ಮೇಲೆ ತೇಲಿಬರುವ ಸಲಹೆಯ ಸಾಲಿನಲ್ಲಿ. ಕೀ ಒತ್ತಿ, ಹೆಬ್ಬೆರಳು ಎತ್ತಿ, ಪರದೆ ಮುಟ್ಟಿ, ಮತ್ತೆ ಕೀಗೆ ಇಳಿಯಬೇಕು. ಒಂದೊಂದು ಪದಕ್ಕೂ ಹತ್ತಿ ಇಳಿಯುವ ಕೆಲಸ. ಅವರಿಗೆ ಕೀ ಇರುವ ಫೋನ್ ಸುಮ್ನೆ ಭಾರ.

ನೂರು ರೂಪಾಯಿಯ ಪರೀಕ್ಷೆ

ಕೀಲಿ ಫೋನಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ. ನೂರು ರೂಪಾಯಿ ಆಸುಪಾಸಿನ ಒಂದು ಒಟಿಜಿ ವಯರ್ ತೆಗೆದುಕೊಳ್ಳಿ. ಕಂಪ್ಯೂಟರಿನ ಯಾವುದಾದರೂ ಯುಎಸ್‌ಬಿ ಕೀಬೋರ್ಡನ್ನು ಅದರ ಮೂಲಕ ನಿಮ್ಮ ಈಗಿನ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ. ನೀವು ಬಳಸುವ ಕನ್ನಡ ಇನ್‌ಪುಟ್ ಆ್ಯಪನ್ನು ಆರಿಸಿ ಟೈಪ್ ಮಾಡಿ ನೋಡಿ.

ಆಂಡ್ರಾಯ್ಡಿನ ಕಣ್ಣಿಗೆ ಹೊರಗಿನಿಂದ ಸಿಕ್ಕಿಸಿದ ಕೀಬೋರ್ಡೂ ಫೋನಿನ ಮೈಯಲ್ಲೇ ಇರುವ ಕೀಲಿಮಣೆಯೂ ಒಂದೇ ಬಗೆಯವು. ಎರಡೂ ನಿಜವಾದ ಕೀಗಳು. ಕನ್ನಡದ ಎಷ್ಟೋ ಆ್ಯಪ್‌ಗಳು ಪರದೆಯ ಮೇಲಿನ ಕೀಗಳಿಗೆಂದೇ ಮಾಡಿದವು. ನಿಜವಾದ ಕೀ ಒತ್ತಿದರೆ ಅವು ಕೈಕಟ್ಟಿ ಕೂರುತ್ತವೆ, ಇಂಗ್ಲಿಷ್ ಅಕ್ಷರ ಬಂದು ಬೀಳುತ್ತದೆ. ಒಟಿಜಿ ವಯರಿನಲ್ಲಿ ಕನ್ನಡ ಬಂದರೆ ನೀವು ಕೊಳ್ಳಬೇಕೆಂದಿರುವ ಫೋನಿನಲ್ಲೂ ಬರುವ ಸಾಧ್ಯತೆ ಚೆನ್ನಾಗಿದೆ. ಇಲ್ಲಿ ಬಾರದಿದ್ದರೆ ಅಲ್ಲೂ ಬಾರದು. ಆ್ಯಪ್ ಬದಲಿಸಿ ಮತ್ತೆ ನೋಡಿ.

ಕಗಪದವರಿಗೆ ಒಂದು ಎಚ್ಚರಿಕೆ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಸೆಟ್ಟಿಂಗ್ ಇರುತ್ತದಲ್ಲ, ಅದನ್ನು ಮೊದಲು ನಿಲ್ಲಿಸಿ. ಇಂಗ್ಲಿಷಿಗೆ ಅದು ಉಪಕಾರ. ಕಗಪದಲ್ಲಿ ದೊಡ್ಡಕ್ಷರ ಅಂದರೆ ಮಹಾಪ್ರಾಣ. ನಾನೊಮ್ಮೆ ಗಿರಾಕಿಗೆ "ಕಾಗದ ರೆಡಿ" ಎಂದು ಕಳಿಸಿದ್ದು "ಖಾಗದ ರೆಡಿ" ಆಗಿ ಹೋಗಿತ್ತು. "ಕಾಗದದಲ್ಲೂ ಹೀಗೇ ಉಂಟಾ?" ಎಂದು ಅವರು ಓಡಿ ಬಂದರು.

ಹಳೇ ಪ್ರೀತಿಗಳು

ನೋಕಿಯಾ ಇ71, ಬ್ಲ್ಯಾಕ್‌ಬೆರಿ ಬೋಲ್ಡ್ 9900. ಇವುಗಳನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಕಂಡು "ತೆಗೆದುಕೊಳ್ಳಲಾ?" ಎಂದು ಕೇಳುವವರು ಈಗಲೂ ಇದ್ದಾರೆ. ಕೈಯಲ್ಲಿ ಹಿಡಿದರೆ ಆಸೆ ಆಗುವುದು ನಿಜ. ಇ71ರ ಉಕ್ಕಿನ ಮೈ, 127 ಗ್ರಾಂ ತೂಕ. ಬೋಲ್ಡಿನ ಕೀಗಳಂಥ ಕೀ ಇನ್ನೊಂದು ಬಂದಿಲ್ಲ ಎಂದು ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡುತ್ತೇನೆ.

ಆದರೆ ಅವು ಈಗ ಮೆಸೇಜಿನ ಫೋನ್‌ಗಳಲ್ಲ. ವಾಟ್ಸಾಪ್ ಇ71ರಂಥ ಸಿಂಬಿಯನ್ ಫೋನ್‌ಗಳನ್ನೂ ಬ್ಲ್ಯಾಕ್‌ಬೆರಿಯ ಹಳೇ ಫೋನ್‌ಗಳನ್ನೂ 2017ರಲ್ಲೇ ಕೈಬಿಟ್ಟಿತು. 2022ರ ಜನವರಿ 4ಕ್ಕೆ ಬ್ಲ್ಯಾಕ್‌ಬೆರಿ ತನ್ನ ಹಳೇ ಸೇವೆಗಳನ್ನೇ ನಿಲ್ಲಿಸಿತು. ಇನ್ನು ಟವರು. ಜಿಯೋದಲ್ಲಿ 2ಜಿ, 3ಜಿ ಮೊದಲಿನಿಂದಲೂ ಇಲ್ಲ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿತು. 4ಜಿ ಇಲ್ಲದ ಫೋನ್ ಹಿಡಿದರೆ ಉಳಿಯುವುದು ಬರೀ 2ಜಿ ಕಾಲ್, ಎಸ್ಸೆಮ್ಮೆಸ್. ಶೋಕೇಸಿನಲ್ಲಿ ಇಡುವುದಾದರೆ ಕೊಳ್ಳಿ. ನನ್ನ ಇ63 ಈಗ ಅಲ್ಲೇ ಇದೆ.

ಸೆಕೆಂಡ್ ಹ್ಯಾಂಡ್ ಕೀ2

2018ರ ಜುಲೈಯಲ್ಲಿ ಭಾರತಕ್ಕೆ ಬಂದಾಗ ಇದರ ಬೆಲೆ 42,990 ರೂಪಾಯಿ. ನಾನು ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ ಕೊಟ್ಟದ್ದು 9 ಸಾವಿರ. ಮೈಕಟ್ಟು ನೋಡಿದರೆ ಇವತ್ತಿಗೂ ಇದೇ ನನ್ನ ಮೆಚ್ಚಿನದು. ತೂಕ 168 ಗ್ರಾಂ. ಅಗಲ ಸುಮಾರು 72 ಮಿಲಿಮೀಟರ್. ಎರಡು ಹೆಬ್ಬೆರಳೂ ನಡುವಿನ ಕೀಗಳನ್ನು ಸಲೀಸಾಗಿ ಮುಟ್ಟುತ್ತವೆ. ಕೀಗಳ ಮೇಲೆ ಹೊಳಪಿಲ್ಲ, ಬೆವರಿದ ಬೆರಳು ಜಾರುವುದಿಲ್ಲ. ಸ್ಪೇಸ್ ಕೀಯಲ್ಲೇ ಫಿಂಗರ್‌ಪ್ರಿಂಟ್ ಗುರುತಿಸುವ ಜಾಗ. ಕೀಗಳ ಮೇಲೆ ಬೆರಳು ಸವರಿದರೆ ಪರದೆ ಸರಿಯುತ್ತದೆ. ಉದ್ದದ ಗುಂಪು ಮೆಸೇಜ್ ಓದುವಾಗ ಪರದೆಗೆ ಬೆರಳು ಅಡ್ಡ ಬರುವುದಿಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತೂ ಇದೆ, ಮೆಮೊರಿ ಕಾರ್ಡೂ ಹಾಕಬಹುದು. ಎರಡು ಸಿಮ್ ಹಿಡಿಯುವ ಮಾದರಿ ಸಿಕ್ಕಿದರೆ ಅದನ್ನೇ ಹಿಡಿಯಿರಿ.

ತೊಂದರೆ ಒಳಗಿನದು. ಇದು ಆಂಡ್ರಾಯ್ಡ್ 8.1ಕ್ಕೆ ನಿಂತಿದೆ. ಮಾಡುತ್ತಿದ್ದ ಟಿಸಿಎಲ್ ಕಂಪನಿ 2020ರ ಆಗಸ್ಟ್ ಕೊನೆಗೆ ಮಾರಾಟ ನಿಲ್ಲಿಸಿತು. ವಾಟ್ಸಾಪ್ ಸದ್ಯಕ್ಕೆ ನಡೆಯುತ್ತದೆ. ಬ್ಯಾಂಕಿನ ಆ್ಯಪ್‌ಗಳು ಮಾತ್ರ ಹಳೇ ಆಂಡ್ರಾಯ್ಡನ್ನು ಒಂದೊಂದಾಗಿ ಬಿಡುತ್ತಾ ಬರುತ್ತವೆ. ಭದ್ರತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಹಣದ ವ್ಯವಹಾರ ಇಟ್ಟುಕೊಳ್ಳಬೇಡಿ ಎಂದೇ ನನ್ನ ಸಲಹೆ. ಇನ್ನೊಂದು, ಬ್ಯಾಟರಿ ಒಳಗೇ ಅಂಟಿಸಿದ್ದು. ಇ63ರ ಹಾಗೆ ಹಿಂಬದಿ ತೆಗೆದು ಹೊಸತು ಹಾಕುವ ಕಾಲ ಹೋಯಿತು. ಇಷ್ಟು ವರ್ಷ ಹಳೆಯದಾದ ಬ್ಯಾಟರಿ ಉಬ್ಬಿದೆಯಾ ಎಂದು ಹಿಂಬದಿಯನ್ನು ಅಡ್ಡಕ್ಕೆ ಹಿಡಿದು ನೋಡಿಯೇ ಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕೀಲಿ ಫೋನ್ ಯಾವುದೇ ಇರಲಿ, ಕೊಡುವವರ ಎದುರೇ ಇಪ್ಪತ್ತಾರು ಕೀಗಳನ್ನೂ ಎರಡೆರಡು ಸಲ ಒತ್ತಿ. ಒಮ್ಮೆ ಶಿಫ್ಟ್ ಇಲ್ಲದೆ, ಒಮ್ಮೆ ಶಿಫ್ಟ್ ಹಾಕಿ. ನಾನೊಮ್ಮೆ ಒಂದು ಫೋನ್ ತಂದು ಮನೆಗೆ ಬಂದ ಮೇಲೆ ನೋಡಿದರೆ ಪಿ ಕೀ ಸತ್ತಿತ್ತು. ಕಗಪದಲ್ಲಿ ಅದು ‘ಪ’ ಮತ್ತು ‘ಫ’. ಊಟದ ಪಟ್ಟಿ ಕಳಿಸಿದರೆ ಪಾಯಸ ಹೋಗಿ ‘ಆಯಸ’ ಆಗಿತ್ತು. ಮಾರಿದವನು ಫೋನ್ ಎತ್ತಲಿಲ್ಲ.

ಯಾರಿಗೆ ಇದು? ಜೇಬಿನಲ್ಲಿ ಈಗಾಗಲೇ ಒಂದು ಸರಿಯಾದ ಫೋನ್ ಇದ್ದು, ಬರೆಯುವುದಕ್ಕೆಂದೇ ಎರಡನೆಯದು ಬೇಕು ಅನ್ನುವವರಿಗೆ. ಹತ್ತು ಸಾವಿರದ ಒಳಗೆ ಕೀಯ ಸುಖ ಏನು ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಮನೆಯ ಒಂದೇ ಫೋನ್ ಇದಾಗಿದ್ದರೆ ಬೇಡ.

ಹೊಸ ಟೈಟನ್ 2: ಕೈಗೆ ಹೇಗೆ?

ಪೆಟ್ಟಿಗೆ ತೆರೆದಾಗ ಮೊದಲು ನೆನಪಾದದ್ದು 2014ರ ಬ್ಲ್ಯಾಕ್‌ಬೆರಿ ಪಾಸ್‌ಪೋರ್ಟ್. ಅದೇ 4.5 ಇಂಚಿನ ಚೌಕ ಪರದೆ, ಅದೇ 1440 ಗುಣಿಸು 1440 ಚುಕ್ಕಿ. 2025ರಲ್ಲಿ ಜನರಿಂದ ಮುಂಗಡ ಹಣ ಎತ್ತಿ ಮಾಡಿದ ಫೋನ್ ಇದು. ಒಳಗೆ ಆಂಡ್ರಾಯ್ಡ್ 15, 5ಜಿ, 12 ಜಿಬಿ ರ‍್ಯಾಮ್, 512 ಜಿಬಿ ಜಾಗ, 5,050 ಎಂಎಎಚ್ ಬ್ಯಾಟರಿ. ಹಿಂಬದಿಯಲ್ಲಿ 2 ಇಂಚಿನ ಇನ್ನೊಂದು ಪುಟ್ಟ ಪರದೆ. ಅದು ಎಂತಕ್ಕೆ ಎಂದು ನನಗಿನ್ನೂ ಅರ್ಥ ಆಗಿಲ್ಲ. ಮಕ್ಕಳಿಗೆ ಖುಷಿ.

ತೂಕ 235 ಗ್ರಾಂ. ಅಗಲ ಸುಮಾರು 89 ಮಿಲಿಮೀಟರ್. ಈ ಅಗಲವೇ ಇದರ ಗುಣ, ಇದರ ದೋಷ. ಮೊದಲು ಗುಣ ಹೇಳುತ್ತೇನೆ. ಕನ್ನಡದ ಪದಗಳು ಉದ್ದ. ‘ಬರುತ್ತಿರಲಿಲ್ಲವೇನೋ’ ಎಂಬ ಒಂದೇ ಪದ ಕಿರಿದಾದ ಪರದೆಯಲ್ಲಿ ಅರ್ಧ ಸಾಲು ತಿನ್ನುತ್ತದೆ. ಮೇಲಾಗಿ ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇಳಿಯುತ್ತದೆ, ಸಾಲುಗಳ ನಡುವೆ ಜಾಗ ಬೇಕು. ಕೀ2ರ ಪರದೆಯ ಅಗಲ ಲೆಕ್ಕ ಹಾಕಿದರೆ 63 ಮಿಲಿಮೀಟರ್. ಟೈಟನ್ನಿನದು 81. ಈ ಹದಿನೆಂಟು ಮಿಲಿಮೀಟರಿನಲ್ಲಿ ಕನ್ನಡ ಉಸಿರಾಡುತ್ತದೆ. ಹೇಳಿಕೆ ಕಾಗದದ ಪಿಡಿಎಫ್ ಪ್ರೂಫನ್ನು ಹಿಗ್ಗಿಸದೆ ಓದುತ್ತೇನೆ. ಟಚ್ ಫೋನಿನಲ್ಲಿ ಟೈಪ್ ಮಾಡುವಾಗ ಕೀಲಿಮಣೆಯೇ ಪರದೆಯ ದೊಡ್ಡ ಪಾಲು ನುಂಗುತ್ತದೆ. ಇಲ್ಲಿ ಆ ಕಾಟ ಇಲ್ಲ.

ಇನ್ನು ದೋಷ. ಆ್ಯಪ್‌ಗಳನ್ನೆಲ್ಲ ಉದ್ದ ಪರದೆಗೆಂದು ಮಾಡಿರುತ್ತಾರೆ. ಚೌಕದಲ್ಲಿ ಕೆಲವದರ ಕೆಳಗಿನ ಬಟನ್ ಮರೆಯಾಗುತ್ತದೆ, ಸರಿಸಿ ಹುಡುಕಬೇಕು. ಉದ್ದದ ವಿಡಿಯೋ ನಡುವೆ ಒಂದು ಪಟ್ಟಿಯ ಹಾಗೆ ಕಾಣುತ್ತದೆ. ರೀಲ್ಸ್ ನೋಡುವವರು ಇತ್ತ ಬರಲೇಬೇಡಿ. ಒಂದು ಕೈಯಲ್ಲಿ ಟೈಪ್ ಮಾಡುವುದೂ ಆಗದ ಮಾತು. ಬಸ್ಸಿನಲ್ಲಿ ಒಂದು ಕೈ ಕಂಬಕ್ಕೆ ಹೋಯಿತೋ, ಮೆಸೇಜ್ ನಿಂತಿತು. ಅಂಗಿಯ ಜೇಬಿನಲ್ಲಿ ಇಟ್ಟು ಬಗ್ಗಿದರೆ ಫೋನ್ ನೆಲಕ್ಕೆ. ಮುಂಡು ಉಟ್ಟ ದಿನ ಜೇಬೇ ಇಲ್ಲ, ಸೊಂಟಕ್ಕೆ ಸಿಕ್ಕಿಸುವ ಗಾತ್ರವೂ ಇದಲ್ಲ. ನಾನು ಈಗ ಸಣ್ಣ ಚೀಲ ಹಿಡಿದು ತಿರುಗುತ್ತೇನೆ.

ಕೀಗಳು? ಗಟ್ಟಿ. ಒತ್ತಿದ್ದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬೋಲ್ಡಿನ ಮೃದು ಇದರಲ್ಲಿ ಇಲ್ಲ. ಕೀ2ನಲ್ಲಿ ನನ್ನ ವೇಗ ಈಗಲೂ ಜಾಸ್ತಿ, ಯಾಕೆಂದರೆ ಹೆಬ್ಬೆರಳು ಓಡಬೇಕಾದ ದೂರ ಕಡಿಮೆ. ಆದರೆ ತಪ್ಪು ಕಡಿಮೆ ಆಗುವುದು ಟೈಟನ್ನಿನಲ್ಲಿ. ಕೀಗಳು ದೊಡ್ಡವು, ದಪ್ಪ ಬೆರಳಿನವರಿಗೆ ಹಿತ. ಇಲ್ಲೂ ಕೀಗಳ ಮೇಲೆ ಸವರಿ ಪರದೆ ಸರಿಸಬಹುದು.

ಬೆಲೆ 399 ಡಾಲರ್. ಸಾಗಣೆ, ಸುಂಕ ಎಲ್ಲ ಸೇರಿಸಿದರೆ 40 ಸಾವಿರ ರೂಪಾಯಿ ದಾಟುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಹೊರದೇಶದಿಂದ ಪಾರ್ಸೆಲ್ ತರಿಸಿದರೆ ತಾಳ್ಮೆಯೂ ಬೇಕು. ನನ್ನದೊಂದು ಪಾರ್ಸೆಲ್ ಹಿಂದೊಮ್ಮೆ ಮೂರು ವಾರ ದಾರಿಯಲ್ಲೇ ಕೂತಿತ್ತು. ಕೊಳ್ಳುವ ಮೊದಲು ನಿಮ್ಮ ಸಿಮ್ಮಿನ ಬ್ಯಾಂಡ್‌ಗಳನ್ನು, ಅಂದರೆ ಅದರ ಸಿಗ್ನಲ್ ಬರುವ ತರಂಗಗಳ ನಂಬರನ್ನು, ಫೋನಿನ ಪಟ್ಟಿಯ ಜೊತೆ ಹೋಲಿಸಿ. ಜಿಯೋದ 4ಜಿ ನಡೆಯುವುದು 3, 5, 40ರಲ್ಲಿ. ಬಿಎಸ್‌ಎನ್‌ಎಲ್ ಆದರೆ 1 ಮತ್ತು 28. ನಮ್ಮ ಗುಡ್ಡದ ಮರೆಯಲ್ಲಿ ಮೊದಲೇ ರೇಂಜ್ ಕಷ್ಟ, ಅದರ ಮೇಲೆ ಬ್ಯಾಂಡೂ ಇಲ್ಲದಿದ್ದರೆ ಮುಗಿಯಿತು. ರಿಪೇರಿಯ ಬಗ್ಗೆ ಹೇಳುವುದೇ ಬೇಡ. ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಸುತ್ತ ಎಷ್ಟು ಮೊಬೈಲ್ ಅಂಗಡಿ ಇದ್ದರೂ ಇದರ ಡಿಸ್‌ಪ್ಲೇ ಯಾರ ಡಬ್ಬದಲ್ಲೂ ಇರುವುದಿಲ್ಲ. ಒಡೆದರೆ ಒಡೆದದ್ದೇ.

ದಿನಕ್ಕೆ ಐವತ್ತು ಅರವತ್ತು ಮೆಸೇಜ್ ಕನ್ನಡದಲ್ಲಿ ಬರೆಯುವವರು, ಕಗಪ ಬಲ್ಲವರು, ಆ ಬರವಣಿಗೆಯಿಂದ ಹೊಟ್ಟೆ ಹೊರೆಯುವವರು, ಅವರಿಗಾದರೆ ಇದು. ನನಗೆ ಇದರ ಹಣ ಹುಟ್ಟುತ್ತದೆ. ಮಿಕ್ಕವರಿಗೆ 40 ಸಾವಿರದ ಶೋಕಿ.

ಇದೇ ಸಾಲಿನಲ್ಲಿ ಇನ್ನೊಂದು ಹೆಸರು ಕೇಳಿರಬಹುದು. ಕ್ಲಿಕ್ಸ್ ಕಂಪನಿ 2026ರ ಜನವರಿಯಲ್ಲಿ ಕಮ್ಯುನಿಕೇಟರ್ ಎಂಬ ಮೆಸೇಜಿನ ಫೋನನ್ನು ಘೋಷಿಸಿತು. 4 ಇಂಚಿನ ಪರದೆ, 4,000 ಎಂಎಎಚ್ ಬ್ಯಾಟರಿ, ಇಯರ್‌ಫೋನಿನ ತೂತು, ಮೆಮೊರಿ ಕಾರ್ಡಿಗೆ ಜಾಗ, 499 ಡಾಲರ್. ಕಾಗದದ ಮೇಲೆ ನನಗೆ ಬೇಕಾದ್ದೆಲ್ಲ ಇದೆ. ಕೈಯಲ್ಲಿ ಹಿಡಿಯದೆ ಕೀಯ ಬಗ್ಗೆ ಮಾತಾಡುವವನು ನಾನಲ್ಲ. ಅದೇ ಕಂಪನಿಯ ಹಳೇ ಸಾಮಾನು, ಐಫೋನಿನ ಬುಡಕ್ಕೆ ತೊಡಿಸುವ ಕೀಲಿಮಣೆಯ ಕವರು, 2024ರಿಂದ ಇದೆ. ಬೆಲೆ 139 ಡಾಲರಿನಿಂದ ಶುರು. ಐಫೋನ್ ಇದ್ದವರಿಗೆ ಚಂದವೇ. ಆದರೆ ಐಫೋನಿನಲ್ಲಿ ಹೊರಗಿನ ಇನ್‌ಪುಟ್ ಆ್ಯಪ್‌ಗಳಿಗೆ ನಿಜವಾದ ಕೀಯ ಒತ್ತು ತಲುಪುವುದಿಲ್ಲ. ಐಫೋನ್ ತಾನಾಗಿ ಕೊಟ್ಟದ್ದೇ ಗತಿ. ಇಂಗ್ಲಿಷ್ ಬರೆಯುವವರು ನೋಡಬಹುದು.

ಮಾಸ್ಟ್ರಿಗೆ ಹೇಳಿದ್ದು: ಟಚ್ ಫೋನ್, ಜೊತೆಗೊಂದು ಬ್ಲೂಟೂತ್ ಕೀಬೋರ್ಡ್

ಇದು ನೋಡಲು ಬಡವರ ದಾರಿ. ನಿಜಕ್ಕೂ ಬಹಳ ಮಂದಿಗೆ ಸರಿಯಾದ ದಾರಿ ಇದೇ. ಸಾವಿರದಿಂದ ಮೂರು ಸಾವಿರದ ಒಳಗೆ ಕೀಬೋರ್ಡ್ ಬರುತ್ತದೆ. ಈಗಿನ ಫೋನ್ ಹಾಗೇ ಇರುತ್ತದೆ. ಲಾಜಿಟೆಕ್ ಕೆ380 ಅಂತ ಒಂದಿದೆ. ತೂಕ 423 ಗ್ರಾಂ, ಎರಡು ಸಣ್ಣ ಪೆನ್ಸಿಲ್ ಸೆಲ್ ಹಾಕಿದರೆ ಎರಡು ವರ್ಷ ಎಂದು ಕಂಪನಿಯ ಮಾತು. ಫೋನ್, ಟ್ಯಾಬ್, ಕಂಪ್ಯೂಟರ್ ಮೂರಕ್ಕೂ ಜೋಡಿಸಿ ಒಂದೊಂದು ಕೀಯಲ್ಲಿ ಬದಲಿಸಬಹುದು.

ಮುಖ್ಯ ಸಂಗತಿ, ಇದರಲ್ಲಿ ಆವರಣದ ಕೀ, ಅರ್ಧವಿರಾಮದ ಕೀ ಎಲ್ಲ ಇವೆ. ಇನ್‌ಸ್ಕ್ರಿಪ್ಟಿನ ‘ಡ’, ‘ಚ’, ‘ಟ’ ತಮ್ಮ ತಮ್ಮ ಮನೆಯಲ್ಲೇ ಸಿಗುತ್ತವೆ. ಮಾಸ್ಟ್ರು ಒಂದೇ ಕೀಬೋರ್ಡಿನಲ್ಲಿ ಕನ್ನಡ, ಮಲಯಾಳಂ ಎರಡನ್ನೂ ಹೊಡೆಯುತ್ತಾರೆ. ಪರೀಕ್ಷೆ ಅದೇ, ಮೇಲೆ ಹೇಳಿದ ಒಟಿಜಿ ವಯರಿನದು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಗೆಳೆಯರ ಬಳಗದಿಂದ ಬಂದ ಇಂಡಿಕ್ ಕೀಬೋರ್ಡ್ ಆ್ಯಪಿನಲ್ಲಿ ಕನ್ನಡಕ್ಕೂ ಹಲವು ಲೇಔಟ್ ಇವೆ. ಮೊದಲು ಅದನ್ನು ಹಾಕಿ ನೋಡಿ.

ನಷ್ಟ ಏನು? ಮೇಜು ಬೇಕು. ನಿಂತಲ್ಲಿ, ಬಸ್ಸಿನಲ್ಲಿ, ಚಪ್ಪರದ ಮೂಲೆಯಲ್ಲಿ ಬರೆಯಲಾಗದು. ಮಡಚುವ ಕೀಬೋರ್ಡ್‌ಗಳೂ ಇವೆ. ನನ್ನ ಅನುಭವದಲ್ಲಿ ಮಡಚುವ ಜಾಗದ ಹತ್ತಿರದ ಕೀಗಳು ಬೆರಳಿಗೆ ತಪ್ಪುತ್ತವೆ. ಮಾಸ್ಟ್ರು ಬರೆಯುವುದು ರಾತ್ರಿ ಊಟ ಆದ ಮೇಲೆ, ಮೇಜಿನ ಮುಂದೆ. ಅವರಿಗೆ ಇದು ನಷ್ಟವೇ ಅಲ್ಲ.

ತಂಗಿಯ ಮಗಳಿಗೆ: ಏನೂ ಕೊಳ್ಳಬೇಡ

ಅವಳು ಕಾಲೇಜಿನ ಹುಡುಗಿ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಆರಿಸುವ ಗುಂಪು. ಒಂದೇ ಹೆಬ್ಬೆರಳಲ್ಲಿ ನನಗಿಂತ ವೇಗ. ಕೀಲಿ ಫೋನ್ ಬೇಕು ಅಂದದ್ದು ಅದು ನೋಡಲು ಬೇರೆ ತರ ಇದೆ ಎಂದು ಮಾತ್ರ. 10ರಿಂದ 15 ಸಾವಿರದ ಯಾವ ಟಚ್ ಫೋನಿನಲ್ಲೂ ಗೂಗಲ್ಲಿನ ಕೀಲಿಮಣೆ ಆ್ಯಪ್ ಜಿಬೋರ್ಡ್ ಸಿಗುತ್ತದೆ. ಅದರಲ್ಲಿ ಬೆರಳಲ್ಲಿ ಗೀಚಿ ಬರೆಯುವ ಸೌಲಭ್ಯವೂ ಕನ್ನಡಕ್ಕೆ ಇದೆ. ಮಾತಾಡಿ ಬರೆಸುವುದೂ 2017ರಿಂದ ಕನ್ನಡದಲ್ಲಿ ಬಂದಿದೆ. ನ್ಯೂಸ್ ಓದಿದ ಹಾಗೆ ಮಾತಾಡಿದರೆ ಸರಿಯಾಗಿ ಬರೆಯುತ್ತದೆ. ನಮ್ಮ ಹವ್ಯಕ ಭಾಷೆ, ತುಳು, ಎಡೆಯಲ್ಲಿ ಎರಡು ಮಲಯಾಳಂ ಪದ ಬೆರೆಸಿ ಮಾತಾಡಿದರೆ ಅದು ಏನು ಬರೆಯುತ್ತದೆ ಎಂದು ಒಮ್ಮೆ ನೋಡಿ, ಮನೆಮಂದಿಗೆಲ್ಲ ನಗು.

ಟಚ್ ಫೋನ್ ಸೋಲುವುದು ಮಳೆಗೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ನಮ್ಮದು. ಆಟಿ ತಿಂಗಳಲ್ಲಿ ಕೊಡೆ ಹಿಡಿದು ನಿಂತು, ಹನಿ ಬಿದ್ದ ಪರದೆಯ ಮೇಲೆ ಒದ್ದೆ ಬೆರಳಲ್ಲಿ ಟೈಪ್ ಮಾಡಿ ನೋಡಿ, ಒತ್ತಿದ್ದು ಒಂದು, ಬಂದದ್ದು ಇನ್ನೊಂದು. ಕೀಗೆ ಆ ತಕರಾರಿಲ್ಲ. ಹಾಗೆಂದು ಕೀಲಿ ಫೋನಿಗೆ ಮಳೆ ಹಿತ ಎಂದೂ ಅಲ್ಲ. ಕೀಗಳ ಸಂದಿಯಲ್ಲಿ ತೇವ ಕೂರುತ್ತದೆ, ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಕೀ2ಗೆ ನೀರು ತಡೆಯುವ ಯಾವ ದರ್ಜೆಯೂ ಇಲ್ಲ. ಯೂನಿಹರ್ಟ್ಜ್ 2019ರಲ್ಲಿ ತಂದ ಮೊದಲ ಟೈಟನ್ ನೀರು, ಧೂಳು ತಡೆಯುವ ಐಪಿ67 ದರ್ಜೆಯದು. ಅದು ಈಗ ಹಳತು, ತೂಕ 303 ಗ್ರಾಂ. ನಾನು ಮಾಡುವುದಿಷ್ಟೇ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ವಾರಕ್ಕೊಮ್ಮೆ ಕೀಗಳ ಸಂದಿ ಒರೆಸುತ್ತೇನೆ.

ಮಾವನಿಗೆ

ಮಾವ ಎಪ್ಪತ್ತು ದಾಟಿದವರು. "ಗುಂಡಿ ಇರುವ ಫೋನ್ ಬೇಕು" ಅಂದರೆ ಅವರ ಅರ್ಥ ಬೇರೆ. ನಂಬರ್ ಒತ್ತಿದರೆ ರಿಂಗ್ ಆಗಬೇಕು, ಮೂರು ದಿನ ಚಾರ್ಜ್ ನಿಲ್ಲಬೇಕು. ಅವರಿಗೆ 4ಜಿ ಕೀಪ್ಯಾಡ್ ಫೋನೇ ಸಾಕು. ಹಿಂದೆ 2,999 ರೂಪಾಯಿಗೆ ಜಿಯೋಫೋನ್ 2 ಬಂದಿತ್ತು, ಪೂರ್ತಿ ಕೀಲಿಮಣೆ ಇದ್ದದ್ದು, ವಾಟ್ಸಾಪೂ ನಡೆಯುತ್ತಿತ್ತು. ಕೈಓಎಸ್ ತಂತ್ರಾಂಶದ ಆ ಬಗೆಯ ಫೋನ್‌ಗಳಿಗೆ 2024ರ ಜೂನ್‌ನಿಂದ ವಾಟ್ಸಾಪ್ ಹೊಸದಾಗಿ ಸಿಗುವುದಿಲ್ಲ. ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಆ ಆಸೆಗೆ ಬೀಳಬೇಡಿ.

ಎಸ್ಸೆಮ್ಮೆಸ್ ಕಳಿಸುವವರಿಗೆ ಒಂದು ಲೆಕ್ಕ ಗೊತ್ತಿರಲಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡದಲ್ಲಿ 70 ಮಾತ್ರ. ಆ ಎಪ್ಪತ್ತೂ ನಾವು ಎಣಿಸುವ ಹಾಗಲ್ಲ. ‘ಕ್ಷೇತ್ರ’ ಕಣ್ಣಿಗೆ ಎರಡಕ್ಷರ, ಫೋನಿನ ಲೆಕ್ಕಕ್ಕೆ ಏಳು. ಎಪ್ಪತ್ತು ದಾಟಿದರೆ ಎರಡು ಎಸ್ಸೆಮ್ಮೆಸ್ಸಿನ ಲೆಕ್ಕ. ಮಾವನಿಗೆ ಇದರಿಂದ ತೊಂದರೆ ಇಲ್ಲ. ಫೋನ್ ಕೊಡಿಸಿದ ಮೇಲೆ ಅವರಿಂದ ಬಂದ ಮೊದಲ ಎಸ್ಸೆಮ್ಮೆಸ್ "ಬಾ" ಎಂದಿತ್ತು.

ಮಾಸ್ಟ್ರು ಕೀಬೋರ್ಡ್ ತರಿಸಿಕೊಂಡಿದ್ದಾರೆ. ತಂಗಿಯ ಮಗಳು ನನ್ನ ಕೀ2ನ್ನು "ಒಂದು ವಾರಕ್ಕೆ" ಎಂದು ಒಯ್ದಿದ್ದಾಳೆ, ಇದು ಮೂರನೇ ವಾರ. ಇನ್ನೂ ಗೊಂದಲ ಇದ್ದವರು ಅಂಗಡಿಗೆ ಬನ್ನಿ. ಒಟಿಜಿ ವಯರ್ ಮೇಜಿನ ಡ್ರಾಯರಿನಲ್ಲಿದೆ. ಫೋನ್ ನಿಮ್ಮದೇ ತನ್ನಿ, ಮಧ್ಯಾಹ್ನ ಎರಡರ ಮೇಲೆ ಬಂದರೆ ಗಿರಾಕಿ ಕಡಿಮೆ.